ನೀರಿನ ಅಂಚಿಗೆ ಬಂದ ಪಾದ



ಒಂದು ಅಡುಗೆಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಾತ್ರಿಯ ಹೊತ್ತು. ಮೊಟ್ಟೆಯ ಪೆಟ್ಟಿಗೆಯೊಂದು ನೆಲಕ್ಕೆ ಬಿದ್ದಿದೆ. ಚಿಪ್ಪುಗಳು ಚೂರಾಗಿವೆ. ಲೋಳೆ ಹರಿದು ನೆಲಕ್ಕೆ ಅಂಟಿದೆ. ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಬಗ್ಗಿ ಆ ಪೆಟ್ಟಿಗೆಯನ್ನು ಎತ್ತುತ್ತಾಳೆ. ಒಳಗೆ ಒಂದೇ ಒಂದು ಮೊಟ್ಟೆ ಒಡೆಯದೆ ಉಳಿದಿದೆ.

ಅದನ್ನು ಹಿಡಿದುಕೊಂಡು ಅವಳು ಹಿತ್ತಲಿಗೆ ಬರುತ್ತಾಳೆ. ಅಲ್ಲೊಂದು ಈಜುಕೊಳ. ಅವಳದು ಬರಿಗಾಲು. ಕೊಳದ ಅಂಚಿನಲ್ಲಿ ನಿಂತು ಮೊಟ್ಟೆ ಒಡೆದು ಹಸಿಯಾಗಿಯೇ ನುಂಗುತ್ತಾಳೆ. ಆಮೇಲೆ ಒಂದು ಕಾಲನ್ನು ಮುಂದೆ ಚಾಚುತ್ತಾಳೆ, ನೀರಿನ ಮೇಲೆ. ಅಂಗಾಲು ಇಳಿಯುತ್ತದೆ. ಇನ್ನೂ ಇಳಿಯುತ್ತದೆ. ಇನ್ನೇನು ನೀರಿಗೆ ತಾಗಬೇಕು, ಅಷ್ಟರಲ್ಲಿ ಪರದೆ ಕಪ್ಪಾಗುತ್ತದೆ.

ನಾನು ಇದನ್ನು ನೋಡುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಕೊನೆಯ ಹತ್ತು ನಿಮಿಷ ಮಾತ್ರ ಅವಳ ಕಣ್ಣಿಗೆ ಬಿದ್ದಿತ್ತು. ಪರದೆ ಕಪ್ಪಾದ ಕೂಡಲೇ, "ಏನೇ, ಕರೆಂಟ್ ಹೋಯ್ತಾ?" ಅಂದಳು. ಇಲ್ಲಮ್ಮ, ಕತೆ ಮುಗೀತು ಅಂದೆ. "ಇದೆಂಥಾ ಮುಗಿಯೋದು?" ಅಂದಳು ಅಮ್ಮ.

ಇದೆಂಥಾ ಮುಗಿಯುವುದು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಧಾರಾವಾಹಿಯ ಹೆಸರು ವಾಚ್‌ಮೆನ್. ಅಮೆರಿಕದ ಎಚ್‌ಬಿಒ ವಾಹಿನಿ 2019ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದನ್ನು ಪ್ರಸಾರ ಮಾಡಿತು. ಒಟ್ಟು ಒಂಬತ್ತು ಕಂತು. ಕೊನೆಯ ಕಂತು ಬಂದದ್ದು ಡಿಸೆಂಬರ್ 15ರಂದು. ಇದನ್ನು ಕಟ್ಟಿದವನು ಡೇಮನ್ ಲಿಂಡೆಲಾಫ್. ಕೊಳದ ಅಂಚಿನಲ್ಲಿ ನಿಂತವಳು ಆಂಜೆಲಾ ಎಬಾರ್. ಟಲ್ಸಾ ಎಂಬ ಊರಿನಲ್ಲಿ ಮುಸುಕು ತೊಟ್ಟು ಕೆಲಸ ಮಾಡುವ ಪೊಲೀಸ್ ಪತ್ತೇದಾರಿಣಿ, ಕಪ್ಪು ಹೆಂಗಸು, ಮೂವರು ಮಕ್ಕಳ ಸಾಕುತಾಯಿ. ಆ ಪಾತ್ರ ಮಾಡಿದವಳು ರೆಜಿನಾ ಕಿಂಗ್.

ಸೂಪರ್‌ಹೀರೋ ಧಾರಾವಾಹಿಗಳ ಕೊನೆಯ ಕಂತು ಸಾಮಾನ್ಯವಾಗಿ ಹೇಗಿರುತ್ತದೆ, ನಿಮಗೆ ಗೊತ್ತು. ಒಂದು ದೊಡ್ಡ ಕಾಳಗ. ಖಳ ಸೋಲುತ್ತಾನೆ. ಎಲ್ಲರೂ ಉಸಿರು ಬಿಡುತ್ತಾರೆ. ಕೊನೆಯ ಒಂದು ನಿಮಿಷದಲ್ಲಿ ಹೊಸ ಬಾಗಿಲೊಂದು ತೆರೆದುಕೊಳ್ಳುತ್ತದೆ, ಮುಂದಿನ ವರ್ಷ ಬನ್ನಿ ಎನ್ನುವ ಹಾಗೆ. ಹೀರೋಸ್ ಎಂಬ ಧಾರಾವಾಹಿ ನೆನಪಿರಬಹುದು. 2007ರ ಮೇ ತಿಂಗಳಲ್ಲಿ ಅದರ ಮೊದಲ ಸೀಸನ್ ಮುಗಿಯಿತು. ನ್ಯೂಯಾರ್ಕ್ ನಗರವೇ ಸಿಡಿದುಹೋಗುವ ಭಯದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಕಂತು ನಡೆದಿತ್ತು. ಆ ಭಯ ತೀರಿತೋ ಇಲ್ಲವೋ, ಕಾಲದಲ್ಲಿ ಹಿಂದೆ ಮುಂದೆ ಓಡಾಡಬಲ್ಲ ಹಿರೋ ಎಂಬ ಹುಡುಗ 1671ರ ಜಪಾನಿನಲ್ಲಿ ಬಂದು ಬಿದ್ದ. ಅದು ಮುಂದಿನ ಸೀಸನ್ನಿಗೆ ಕೊಟ್ಟ ಕರೆಯೋಲೆ. ಆ ಕರೆಗೆ ಓಗೊಟ್ಟು ಹೋದ ನನ್ನಂಥವರಿಗೆ ಮೊದಲ ವರ್ಷದ ಬಿಗಿ ಮತ್ತೆ ಸಿಗಲಿಲ್ಲ. 2010ರಲ್ಲಿ ಅದು ನಿಂತಿತು. ಒಳ್ಳೆಯ ಕತೆಯೊಂದು ಹಾಗೆ ಸೊರಗಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಬಾಗಿಲು ತೆರೆದಿಟ್ಟು ಮುಗಿಸುವುದು ಒಂದು ಬಗೆ. ವಾಚ್‌ಮೆನ್ ಮಾಡಿದ್ದು ಅದಲ್ಲ. ಏಕೆ ಅಲ್ಲ ಎಂದು ತಿಳಿಯಬೇಕಾದರೆ ಆ ಮೊಟ್ಟೆಯಲ್ಲಿ ಏನಿತ್ತು ಎಂದು ತಿಳಿಯಬೇಕು. ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ.

ವಾಚ್‌ಮೆನ್ ಮೊದಲು ಒಂದು ಕಾಮಿಕ್ಸ್. ಬರೆದವನು ಅಲನ್ ಮೂರ್, ಚಿತ್ರ ಬಿಡಿಸಿದವನು ಡೇವ್ ಗಿಬ್ಬನ್ಸ್. 1986 ಮತ್ತು 87ರಲ್ಲಿ ಹನ್ನೆರಡು ಸಂಚಿಕೆಯಾಗಿ ಬಂತು. ಮುಸುಕು ತೊಟ್ಟು ಬೀದಿಗಿಳಿದು ನ್ಯಾಯ ಕೊಡುತ್ತೇನೆ ಎನ್ನುವವರು ನಿಜವಾಗಿ ಎಂಥವರು ಎಂಬುದು ಅದರ ಪ್ರಶ್ನೆ. ಅದರಲ್ಲಿ ಡಾಕ್ಟರ್ ಮ್ಯಾನ್‌ಹಟನ್ ಎಂಬಾತ ಇದ್ದಾನೆ. ಪ್ರಯೋಗಶಾಲೆಯ ಅಪಘಾತದಲ್ಲಿ ಮೈಯೆಲ್ಲ ಚೂರಾಗಿ, ಮತ್ತೆ ತನ್ನನ್ನು ತಾನೇ ಜೋಡಿಸಿಕೊಂಡು ಬಂದ ವಿಜ್ಞಾನಿ. ನೀಲಿ ಮೈ. ಅವನಿಗೆ ಸಾಧ್ಯವಿಲ್ಲದ್ದು ಇಲ್ಲ. ನಿನ್ನೆ, ಇವತ್ತು, ನಾಳೆ ಮೂರೂ ಅವನಿಗೆ ಒಂದೇ ಗಳಿಗೆಯಲ್ಲಿ ಕಾಣುತ್ತವೆ. ಏಡ್ರಿಯನ್ ವೀಟ್ ಎಂಬ ಇನ್ನೊಬ್ಬನಿದ್ದಾನೆ. ಜಗತ್ತಿನ ಅತಿ ಬುದ್ಧಿವಂತ. ಅಣುಯುದ್ಧ ತಪ್ಪಿಸಲು ಅವನು ಒಂದು ದೈತ್ಯ ಪ್ರಾಣಿಯನ್ನು ಸೃಷ್ಟಿಸಿ ನ್ಯೂಯಾರ್ಕಿನ ಮೇಲೆ ಕೆಡವುತ್ತಾನೆ. ಮಂಗಳೂರು ಕಡೆ ಬೊಂಡಾಸ್ ಅನ್ನುತ್ತಾರಲ್ಲ, ಸ್ಕ್ವಿಡ್, ಅದರ ಬೃಹದಾಕಾರ. ಲಕ್ಷಗಟ್ಟಲೆ ಜನ ಸಾಯುತ್ತಾರೆ. ಬೇರೆ ಲೋಕದ ಶತ್ರು ಬಂದ ಎಂದು ಹೆದರಿ ದೇಶಗಳು ಜಗಳ ಬಿಡುತ್ತವೆ. ಇದು ಕಾಮಿಕ್ಸಿನ ಕತೆ.

ಈ ಕತೆ ಮುಗಿದು ಮೂವತ್ತು ವರ್ಷದ ಮೇಲೆ ಧಾರಾವಾಹಿ ಶುರುವಾಗುತ್ತದೆ. ಅಲನ್ ಮೂರ್ ತನ್ನ ಹೆಸರು ಹಾಕಲು ಒಪ್ಪಲಿಲ್ಲ. ಆದ್ದರಿಂದ ಗಿಬ್ಬನ್ಸ್ ಒಬ್ಬನ ಹೆಸರೇ ಪರದೆಯ ಮೇಲೆ ಬರುತ್ತದೆ. ಲೇಖಕ ಬೇಡವೆಂದ ಮೇಲೂ ಮುಂದುವರಿಸಿದ್ದು ಸರಿಯೇ ಎಂಬುದು ದೊಡ್ಡ ಪ್ರಶ್ನೆ. ನನಗೂ ಅದರಲ್ಲಿ ಅಳುಕಿದೆ. ಆದರೆ ಮುಂದುವರಿಸಿದ ರೀತಿ ನೋಡಿ. ಲಿಂಡೆಲಾಫ್ ಹಳೆಯ ಕತೆಯ ಗೋಡೆ ಕೆಡವಲಿಲ್ಲ. ಅದರಲ್ಲಿ ಮೂಲ ಲೇಖಕ ಖಾಲಿ ಬಿಟ್ಟಿದ್ದ ಒಂದು ಗೂಡು ಹುಡುಕಿದ. ಕಾಮಿಕ್ಸಿನಲ್ಲಿ ಎಲ್ಲರಿಗಿಂತ ಮೊದಲು ಮುಸುಕು ತೊಟ್ಟವನು ಹುಡೆಡ್ ಜಸ್ಟಿಸ್. ತಲೆಗೆ ಗವುಸು, ಕೊರಳಲ್ಲಿ ನೇಣಿನ ಹಗ್ಗ. ಅವನು ಯಾರೆಂದು ಮೂಲದಲ್ಲಿ ಖಚಿತವಾಗುವುದೇ ಇಲ್ಲ.

ಕೊರಳಲ್ಲಿ ನೇಣು ಏಕೆ? ಅಮೆರಿಕದ ಚರಿತ್ರೆಯಲ್ಲಿ ಯಾರ ಕೊರಳಿಗೆ ನೇಣು ಬಿತ್ತು? ಈ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಎದುರಿಗೆ ಬಂದು ನಿಲ್ಲುತ್ತದೆ. ಕಪ್ಪು ಜನರ ಕೊರಳಿಗೆ. ಧಾರಾವಾಹಿಯಲ್ಲಿ ಹುಡೆಡ್ ಜಸ್ಟಿಸ್ ಒಬ್ಬ ಕಪ್ಪು ಪೊಲೀಸ್. ಹೆಸರು ವಿಲ್ ರೀವ್ಸ್. 1930ರ ದಶಕದ ನ್ಯೂಯಾರ್ಕಿನಲ್ಲಿ ಅವನ ಜೊತೆಯ ಬಿಳಿಯ ಪೊಲೀಸರೇ ಅವನ ತಲೆಗೆ ಗವುಸು ಹಾಕಿ ಮರಕ್ಕೆ ನೇತುಹಾಕುತ್ತಾರೆ. ಉಸಿರು ಹೋಗುವ ಮೊದಲು ಇಳಿಸಿ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಅವನು ಅದೇ ಗವುಸು, ಅದೇ ಹಗ್ಗದಲ್ಲಿ ಮನೆಕಡೆ ನಡೆಯುತ್ತಾನೆ. ದಾರಿಯಲ್ಲಿ ಯಾರನ್ನೋ ಹೊಡೆಯುತ್ತಿದ್ದಾರೆ. ಗವುಸಿಗೆ ಕಣ್ಣಿನ ತೂತು ಮಾಡಿಕೊಂಡು ನುಗ್ಗುತ್ತಾನೆ. ಮೊದಲ ಸೂಪರ್‌ಹೀರೋ ಹುಟ್ಟಿದ್ದು ಹೀಗೆ. ಈ ಆರನೆಯ ಕಂತನ್ನು ಲಿಂಡೆಲಾಫ್ ಜೊತೆ ಕಾರ್ಡ್ ಜೆಫರ್ಸನ್ ಬರೆದ. ಬಹುಪಾಲು ಕಪ್ಪು ಬಿಳುಪಿನಲ್ಲಿದೆ. ಅವರಿಬ್ಬರಿಗೂ ಆ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು.

ವಿಲ್ ರೀವ್ಸ್ ಎಲ್ಲಿಂದ ಬಂದವನು? ಟಲ್ಸಾದಿಂದ. ಮೊದಲ ಕಂತು ತೆರೆದುಕೊಳ್ಳುವುದೇ ಅಲ್ಲಿ, 1921ರಲ್ಲಿ. ಇದು ಕಲ್ಪನೆಯಲ್ಲ, ಕೇಳುಗರೇ. ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ ಗ್ರೀನ್‌ವುಡ್ ಎಂಬ ಬಡಾವಣೆಯಿತ್ತು. ಕಪ್ಪು ಜನ ತಾವೇ ಕಟ್ಟಿಕೊಂಡ ಅಂಗಡಿ, ಹೋಟೆಲು, ಪತ್ರಿಕೆ, ಆಸ್ಪತ್ರೆ ಎಲ್ಲ ಅಲ್ಲಿದ್ದವು. 1921ರ ಮೇ 31ರ ಸಂಜೆಯಿಂದ ಜೂನ್ 1ರವರೆಗೆ ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಸಾವಿರಕ್ಕೂ ಹೆಚ್ಚು ಮನೆ ಬೂದಿಯಾದವು. ಸತ್ತವರು ಮುನ್ನೂರರವರೆಗೂ ಇರಬಹುದೆಂದು ಇತಿಹಾಸಕಾರರ ಅಂದಾಜು. ಸಾವಿರಾರು ಜನ ಬೀದಿಗೆ ಬಿದ್ದರು. ಯಾರಿಗೂ ಶಿಕ್ಷೆಯಾಗಲಿಲ್ಲ. ದಶಕಗಳ ಕಾಲ ಶಾಲೆಯ ಪುಸ್ತಕದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ತಾ ನೆಹಿಸಿ ಕೋಟ್ಸ್ 2014ರಲ್ಲಿ ಬರೆದ ಪ್ರಬಂಧವೊಂದನ್ನು ಓದುವಾಗ ತನಗೆ ಇದು ಮೊದಲು ಗೊತ್ತಾಯಿತೆಂದು ಲಿಂಡೆಲಾಫ್ ಹೇಳಿದ್ದಾನೆ. ಹೊರ ಗ್ರಹದ ಕಲ್ಪನೆಯಲ್ಲಿ ಬೆಳೆದ ಒಬ್ಬ ಕತೆಗಾರನಿಗೆ ತನ್ನ ದೇಶದ ಒಂದು ಊರು ಸುಟ್ಟದ್ದು ನಡುವಯಸ್ಸಿನವರೆಗೂ ಗೊತ್ತಿರಲಿಲ್ಲ.

ಆ ಬೆಂಕಿಯ ಹೊತ್ತಿಗೆ ಪುಟ್ಟ ವಿಲ್ ಎಲ್ಲಿದ್ದ? ಡ್ರೀಮ್‌ಲ್ಯಾಂಡ್ ಎಂಬ ಚಿತ್ರಮಂದಿರದಲ್ಲಿ. ಅದು ನಿಜವಾಗಿಯೂ ಗ್ರೀನ್‌ವುಡ್‌ನಲ್ಲಿದ್ದ, ನಿಜವಾಗಿಯೂ ಸುಟ್ಟುಹೋದ ಚಿತ್ರಮಂದಿರ. ಕತೆಯಲ್ಲಿ ಹುಡುಗನ ತಾಯಿ ಮೂಕಿ ಚಿತ್ರಕ್ಕೆ ಪಿಯಾನೊ ನುಡಿಸುತ್ತಿದ್ದಾಳೆ. ಪರದೆಯ ಮೇಲೆ ಕಪ್ಪು ಮಾರ್ಷಲ್ ಬಾಸ್ ರೀವ್ಸ್‌ನ ಸಾಹಸ. ಹುಡುಗನಿಗೆ ಅವನೇ ದೇವರು. ಹೊರಗೆ ಗುಂಡಿನ ಸದ್ದು.

ಈಗ ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳಿ. ಸುಟ್ಟ ಚಿತ್ರಮಂದಿರದಿಂದ ಪಾರಾದ ಹುಡುಗ ಮೊದಲ ಮುಸುಕುವೀರನಾದ. ಅವನಿಗೆ ಈಗ ನೂರು ದಾಟಿದೆ. ಅವನ ಮೊಮ್ಮಗಳೇ ಆಂಜೆಲಾ. ಅವಳ ಗಂಡ ಕ್ಯಾಲ್, ಮನೆ ಮಕ್ಕಳು ನೋಡಿಕೊಂಡಿರುವ ಶಾಂತ ಮನುಷ್ಯ. ಅವನೇ ಡಾಕ್ಟರ್ ಮ್ಯಾನ್‌ಹಟನ್ ಎಂದು ಏಳನೆಯ ಕಂತಿನಲ್ಲಿ ತಿಳಿಯುತ್ತದೆ. ಅವಳ ಪ್ರೀತಿಗಾಗಿ ಅವನು ತನ್ನ ಶಕ್ತಿಯ ನೆನಪನ್ನೇ ಅಳಿಸಿಕೊಂಡು ಹತ್ತು ವರ್ಷ ಸಾಮಾನ್ಯನಾಗಿ ಬದುಕಿದ್ದ.

ಇನ್ನು ಮೊಟ್ಟೆಯ ಮಾತು. ಎಂಟನೆಯ ಕಂತಿನಲ್ಲಿ ಅವರಿಬ್ಬರ ಮೊದಲ ಭೇಟಿಯ ಕತೆ ಇದೆ. ವಿಯೆಟ್ನಾಮಿನ ಒಂದು ಬಾರು. ಅವನು ಬಂದು ಎದುರು ಕೂರುತ್ತಾನೆ. ನಾವು ಪ್ರೀತಿಸುತ್ತೇವೆ, ಹತ್ತು ವರ್ಷದ ಮೇಲೆ ದುರಂತವಾಗುತ್ತದೆ ಎಂದು ಮೊದಲೇ ಹೇಳುತ್ತಾನೆ. ಅವಳು ನಂಬುವುದಿಲ್ಲ. ಅವನು ಅಂಗೈಯಲ್ಲಿ ಒಂದು ಮೊಟ್ಟೆ ಬರಿಸುತ್ತಾನೆ. ಬೇಕೆಂದರೆ ತನ್ನ ಶಕ್ತಿಯನ್ನು ಇಂಥ ಒಂದು ವಸ್ತುವಿನೊಳಗೆ ಇಡಬಲ್ಲೆ, ತಿಂದವರಿಗೆ ಅದು ಹೋಗುತ್ತದೆ ಎನ್ನುತ್ತಾನೆ. ಹಾಗಾದರೆ ತಿಂದವರು ನೀರಿನ ಮೇಲೆ ನಡೆಯಬಹುದೇ ಎಂದು ಅವಳು ತಮಾಷೆಗೆ ಕೇಳುತ್ತಾಳೆ. ಕೇಳಿ ಮರೆಯುತ್ತಾಳೆ. ನಾವೂ ಮರೆಯುತ್ತೇವೆ.

ಮರೆಯುವ ಹಾಗೆ ಮಾಡಿರುವುದೇ ಇಲ್ಲಿನ ಕುಸುರಿ. ಮೊದಲ ಕಂತಿನಲ್ಲೇ ಆಂಜೆಲಾ ಮಗನ ತರಗತಿಗೆ ಹೋಗಿ ಮಕ್ಕಳ ಮುಂದೆ ಮೊಟ್ಟೆ ಒಡೆದು, ಬಿಳಿ ಬೇರೆ ಹಳದಿ ಬೇರೆ ಮಾಡುವುದನ್ನು ತೋರಿಸುತ್ತಾಳೆ. ಮುದುಕ ವಿಲ್ ಕುದಿಯುವ ನೀರಿನಿಂದ ಬರಿಗೈಯಲ್ಲಿ ಮೊಟ್ಟೆ ಎತ್ತುತ್ತಾನೆ. ಎಂಟನೆಯ ಕಂತಿನಲ್ಲಿ, ಶತ್ರುಗಳು ಮನೆಯ ಹೊರಗೆ ಕಾಯುತ್ತಿರುವಾಗ, ಮ್ಯಾನ್‌ಹಟನ್ ಅಡುಗೆಮನೆಯಲ್ಲಿ ತಿಂಡಿ ಮಾಡಲು ನಿಲ್ಲುತ್ತಾನೆ. ಸಿಟ್ಟಿಗೆದ್ದ ಆಂಜೆಲಾ ಮೊಟ್ಟೆಯ ಪೆಟ್ಟಿಗೆಯನ್ನು ನೆಲಕ್ಕೆ ತಳ್ಳುತ್ತಾಳೆ. ಅವನು ಈಜುಕೊಳದ ನೀರಿನ ಮೇಲೆ ನಿಂತು, ನೀನು ನನ್ನನ್ನು ಹೀಗೆ ನೋಡುವುದು ಮುಂದೆ ಮುಖ್ಯವಾಗುತ್ತದೆ ಎನ್ನುತ್ತಾನೆ. ಏಕೆ ಎಂದು ಹೇಳುವುದಿಲ್ಲ.

ನಮ್ಮ ರನ್ನ ಗದಾಯುದ್ಧದಲ್ಲಿ ಮಾಡಿದ್ದು ಇಲ್ಲಿ ನೆನಪಾಗುತ್ತದೆ. ಭೀಮ ದುರ್ಯೋಧನರ ಕೊನೆಯ ಕಾಳಗದ ಮೇಲೆ ನಿಂತು ಅವನು ಇಡೀ ಭಾರತವನ್ನು ಹಿಂತಿರುಗಿ ನೋಡುತ್ತಾನೆ. ಸಿಂಹಾವಲೋಕನ ಎಂದು ಅದಕ್ಕೆ ಹೆಸರು. ನಡೆದು ಬಂದ ಸಿಂಹ ಕತ್ತು ಹೊರಳಿಸಿ ಬಂದ ದಾರಿ ನೋಡುವ ಹಾಗೆ. ವಾಚ್‌ಮೆನ್‌ನ ಒಂಬತ್ತನೆಯ ಕಂತಿನ ನಡಿಗೆಯೂ ಅದೇ. ಆಂಜೆಲಾ ಆ ಪೆಟ್ಟಿಗೆಯನ್ನು ಎತ್ತಿದಾಗ ಹಿಂದಿನ ಎಂಟು ಕಂತಿನ ಮೊಟ್ಟೆಗಳೆಲ್ಲ ಒಟ್ಟಿಗೆ ನೆನಪಾಗುತ್ತವೆ.

ಹಾಗಾದರೆ ಮೊಟ್ಟೆಯಲ್ಲಿದ್ದದ್ದು ದೇವರಂಥವನೊಬ್ಬನ ಶಕ್ತಿ. ಅದು ಯಾರ ಕೈಗೆ ಹೋಗಬೇಕು? ಕೊನೆಯ ಕಂತಿನ ಕಾಳಗವೆಲ್ಲ ಇದಕ್ಕೇ.

ಮೊದಲನೆಯವನು ಸೆನೆಟರ್ ಜೋ ಕೀನ್. ಬಿಳಿಯರೇ ಮೇಲು ಎನ್ನುವ ಗುಂಪಿನ ನಾಯಕ. ಮ್ಯಾನ್‌ಹಟನ್‌ನನ್ನು ಪಂಜರದಲ್ಲಿ ಹಿಡಿದು ಅವನ ಶಕ್ತಿಯನ್ನು ತಾನು ಹೀರಬೇಕೆಂದು ಹೊರಟವನು. ಪೆಟ್ಟಿಗೆಯಂಥ ಯಂತ್ರದೊಳಗೆ ಹೋಗುತ್ತಾನೆ. ಬಾಗಿಲು ತೆರೆದಾಗ ಹೊರಗೆ ಹರಿಯುವುದು ಬರೀ ದ್ರವ. ಅವನ ಬಗ್ಗೆ ಹೆಚ್ಚು ಹೇಳುವುದು ಬೇಡ. ಧಾರಾವಾಹಿಯೂ ಹೇಳುವುದಿಲ್ಲ.

ಎರಡನೆಯವಳು ಲೇಡಿ ಟ್ರಿಯು. ಕೋಟ್ಯಧೀಶೆ, ವಿಜ್ಞಾನಿ, ವಿಯೆಟ್ನಾಮಿನ ಹೆಣ್ಣು. ಏಡ್ರಿಯನ್ ವೀಟ್‌ನ ಮಗಳು, ಆದರೆ ಅವನಿಗೆ ಗೊತ್ತಿಲ್ಲದೆ ಹುಟ್ಟಿದವಳು. ಅವನ ಅಂಟಾರ್ಕ್ಟಿಕಾದ ಅರಮನೆಯಲ್ಲಿ ಕಸ ಗುಡಿಸುತ್ತಿದ್ದ ತಾಯಿಯ ಹೊಟ್ಟೆಯಲ್ಲಿ ಬಂದವಳು. ಅಣ್ವಸ್ತ್ರ ಇಲ್ಲವಾಗಿಸುತ್ತೇನೆ, ಹಸಿವು ನೀಗಿಸುತ್ತೇನೆ, ಗಾಳಿ ಶುದ್ಧ ಮಾಡುತ್ತೇನೆ ಎನ್ನುತ್ತಾಳೆ. ಕೇಳಲು ಹಿತವಾಗಿಯೇ ಇದೆ. ಮ್ಯಾನ್‌ಹಟನ್ ಸಾಯುವುದು ಅವಳ ಯಂತ್ರದಿಂದ. ಅವಳು ಆ ಶಕ್ತಿಯನ್ನು ಪಡೆಯುವ ಹೊತ್ತಿಗೆ ವೀಟ್ ಅಂಟಾರ್ಕ್ಟಿಕಾದಿಂದ ಸ್ಕ್ವಿಡ್‌ಗಳನ್ನು ಮಂಜುಗಟ್ಟಿಸಿ ಟಲ್ಸಾದ ಮೇಲೆ ಆಲಿಕಲ್ಲಿನಂತೆ ಸುರಿಸುತ್ತಾನೆ. ಅವು ಗುಂಡಿನಂತೆ ತೂರಿ ಬರುತ್ತವೆ. ಅವಳ ಯಂತ್ರ ಅವಳ ಮೇಲೆಯೇ ಕುಸಿಯುತ್ತದೆ.

ಇಲ್ಲಿ ನನ್ನ ತಕರಾರೊಂದನ್ನು ಹೇಳಲೇಬೇಕು. ಟ್ರಿಯು ಎಂಬುದು ವಿಯೆಟ್ನಾಮಿನಲ್ಲಿ ಪೂಜ್ಯ ಹೆಸರು. ಮೂರನೆಯ ಶತಮಾನದಲ್ಲಿ ಪರದೇಶದ ಸೈನ್ಯದ ವಿರುದ್ಧ ನಿಂತ ವೀರವನಿತೆಯದು. ಧಾರಾವಾಹಿಯ ಜಗತ್ತಿನಲ್ಲಿ ಅಮೆರಿಕ ವಿಯೆಟ್ನಾಮನ್ನು ಗೆದ್ದು ತನ್ನ ರಾಜ್ಯ ಮಾಡಿಕೊಂಡಿದೆ. ಗೆಲ್ಲಿಸಿಕೊಟ್ಟವನು ಮ್ಯಾನ್‌ಹಟನ್ನೇ. ಹಾಗಿದ್ದ ಮೇಲೆ ಅವಳ ಗಾಯ ಸಣ್ಣದೇ? ಟಲ್ಸಾದ ಗಾಯವನ್ನು ಎಂಟು ಕಂತು ತಾಳ್ಮೆಯಿಂದ ಬಿಚ್ಚಿ ನೋಡಿದವರು ಅವಳ ದೇಶದ ಗಾಯವನ್ನು ಮಾತ್ರ ಅವಸರದಲ್ಲಿ ದಾಟಿಬಿಟ್ಟರು. ದುರಹಂಕಾರಿ ಎಂಬ ಒಂದು ಮಾತಿನಲ್ಲಿ ಅವಳನ್ನು ಮುಗಿಸಿದರು. ಆ ತೀರ್ಪು ಕೊಡುವವನು ಯಾರು? ಲಕ್ಷಾಂತರ ಜನರನ್ನು ಕೊಂದ ವೀಟ್! ಹಾಂಗ್ ಚಾವ್ ಎಂಬ ನಟಿ ಆ ಪಾತ್ರಕ್ಕೆ ತಂದ ಘನತೆಗೆ ಇನ್ನೊಂದು ಗಂಟೆಯ ಕತೆ ಸಲ್ಲಬೇಕಿತ್ತು. ಈ ಧಾರಾವಾಹಿಯನ್ನು ಇಷ್ಟು ಮೆಚ್ಚುವುದರಿಂದಲೇ ಈ ಕೊರತೆ ನನಗೆ ಹೆಚ್ಚು ಚುಚ್ಚುತ್ತದೆ.

ಮೂರನೆಯವನು ವೀಟ್. ಅವನನ್ನು ಎಫ್‌ಬಿಐನ ಲಾರಿ ಬ್ಲೇಕ್ ಮತ್ತು ಟಲ್ಸಾದ ಪೊಲೀಸ್ ವೇಡ್ ಬಂಧಿಸುತ್ತಾರೆ, ಆ ಹಳೆಯ ಕೊಲೆಗಳಿಗಾಗಿ. ಮೂವತ್ತು ವರ್ಷ ಮುಚ್ಚಿಟ್ಟದ್ದು ಕೊನೆಗೂ ಬಯಲಿಗೆ ಬರಲಿದೆ. ಲೋಕ ಉಳಿಸಿದೆನಲ್ಲ ಎಂಬ ಅವನ ವಾದಕ್ಕೆ ಅವರ ಹತ್ತಿರ ಇರುವ ಉತ್ತರ ಒಂದು ಪಾನಾ. ವೇಡ್ ಅದರಿಂದ ಒಂದು ಏಟು ಹಾಕಿ ಅವನನ್ನು ಕೆಡವುತ್ತಾನೆ.

ಇವರೆಲ್ಲ ಶಕ್ತಿಗೆ ಕೈಚಾಚಿದವರು. ಕೈಚಾಚದವಳು ಒಬ್ಬಳೇ, ಆಂಜೆಲಾ. ಅವಳು ಬೇಡಿಕೊಂಡದ್ದು ಗಂಡನ ಜೀವ ಮಾತ್ರ. ಅದು ಸಿಗಲಿಲ್ಲ.

ಆ ಆಲಿಕಲ್ಲಿನ ಮಳೆಯಲ್ಲಿ ಅವಳು ಓಡಿ ಒಂದು ಚಿತ್ರಮಂದಿರದೊಳಗೆ ಹೊಗುತ್ತಾಳೆ. ಸುಟ್ಟ ಮೇಲೆ ಮತ್ತೆ ಎದ್ದು ನಿಂತ ಡ್ರೀಮ್‌ಲ್ಯಾಂಡ್. ಅಲ್ಲಿ ಅವಳ ಮಕ್ಕಳು ನಿದ್ದೆ ಹೋಗಿದ್ದಾರೆ. ಪಕ್ಕದಲ್ಲಿ ಅಜ್ಜ ವಿಲ್. ಇಡೀ ಕಂತಿನ ಜೀವ ಇರುವುದು ಇಲ್ಲಿ. ಹೊರಗೆ ಜಗತ್ತನ್ನು ಆಳುವವರ ಗದ್ದಲ. ಒಳಗೆ ಖಾಲಿ ಕುರ್ಚಿಗಳ ನಡುವೆ ಅಜ್ಜ ಮತ್ತು ಮೊಮ್ಮಗಳು. ತೊಂಬತ್ತೆಂಟು ವರ್ಷದ ಹಿಂದೆ ಇಲ್ಲೇ ಕೂತು ಸಿನಿಮಾ ನೋಡುತ್ತಿದ್ದೆ ಎಂದು ಅವನು ಹೇಳುತ್ತಾನೆ. ಗವುಸು ಹಾಕಿಕೊಂಡಾಗ ತನಗೆ ಬಂದದ್ದು ಸಿಟ್ಟು ಎಂದುಕೊಂಡಿದ್ದೆ, ಅದು ಭಯ ಮತ್ತು ನೋವು ಎನ್ನುತ್ತಾನೆ. ಮುಸುಕಿನ ಕೆಳಗೆ ಗಾಯ ಮಾಯುವುದಿಲ್ಲ, ಅದಕ್ಕೆ ಗಾಳಿ ಬೇಕು ಎನ್ನುತ್ತಾನೆ. ಹುಣ್ಣಿಗೆ ಗಾಳಿಯಾಡಬೇಕು ಎಂದು ನಮ್ಮ ಮನೆಗಳಲ್ಲೂ ಹೇಳುತ್ತಾರಲ್ಲ, ಅಷ್ಟೇ ಸಹಜವಾಗಿ. ಲೂಯಿ ಗಾಸೆಟ್ ಜೂನಿಯರ್ ಎಂಬ ಹಿರಿಯ ನಟ ಇದನ್ನು ಹೇಳುವಾಗ ದನಿ ಏರಿಸುವುದೇ ಇಲ್ಲ.

ಅಜ್ಜ ಇನ್ನೊಂದು ಮಾತು ಹೇಳುತ್ತಾನೆ, ಮೊಮ್ಮಗಳ ಮನೆಯ ಹೊರಗೆ. ನಿನ್ನ ಗಂಡ ಒಳ್ಳೆಯವನು. ಆದರೆ ಅವನಿಂದ ಆಗುತ್ತಿದ್ದದ್ದನ್ನು ನೋಡಿದರೆ, ಇನ್ನೂ ಹೆಚ್ಚು ಮಾಡಬಹುದಿತ್ತು.

ಕೇಳುಗರೇ, ಸೂಪರ್‌ಹೀರೋ ಕತೆಗಳಲ್ಲಿ ಇದಕ್ಕಿಂತ ಭಾರವಾದ ಮಾತನ್ನು ನಾನು ಕೇಳಿಲ್ಲ. ಶಕ್ತಿಯನ್ನು ಕಸಿಯಲು ಹೋದವರು ಸತ್ತರು. ಶಕ್ತಿಯಿದ್ದ ಒಳ್ಳೆಯವನು ಪ್ರೀತಿಯಲ್ಲಿ ಮುಳುಗಿ ಅದನ್ನು ಮುಚ್ಚಿಟ್ಟ. ಟಲ್ಸಾದಂಥ ಊರುಗಳು ಅವನ ಕಣ್ಣೆದುರಿಗೇ ಇದ್ದವು. ಈಗ ಅದೇ ಶಕ್ತಿ, ಸುಟ್ಟ ಊರಿನ ಹುಡುಗನ ಮೊಮ್ಮಗಳಿಗೆ, ಮುಸುಕು ತೆಗೆದಿಟ್ಟ ರಾತ್ರಿ, ಒಂದು ಮೊಟ್ಟೆಯಾಗಿ ಬಂದಿದೆ. ಅವಳು ಏನು ಮಾಡುತ್ತಾಳೆ?

ಇಲ್ಲಿ ಕತೆ ಕಟ್ಟಿದವನ ಬಗ್ಗೆ ಹೇಳಬೇಕು. ಲಿಂಡೆಲಾಫ್‌ಗೆ ಕೊನೆಯ ಕಂತೆಂದರೆ ಹಳೆಯ ಗಾಯ. ಲಾಸ್ಟ್ ಎಂಬ ಧಾರಾವಾಹಿಯನ್ನು ಅವನು ಆರು ಸೀಸನ್ ನಡೆಸಿ, 2010ರ ಮೇ ತಿಂಗಳಲ್ಲಿ ಮುಗಿಸಿದ. ಒಗಟಿನ ಮೇಲೆ ಒಗಟು ಹೆಣೆದವನು ಬಿಡಿಸಲಿಲ್ಲವೆಂದು ಪ್ರೇಕ್ಷಕರು ವರ್ಷಗಟ್ಟಲೆ ಬೈದರು. ಆಮೇಲೆ ದಿ ಲೆಫ್ಟೋವರ್ಸ್ ಮಾಡಿದ. ಮೂರು ಸೀಸನ್, 2017ಕ್ಕೆ ಮುಗಿಯಿತು. ಅದರ ಕೊನೆಯಲ್ಲಿ ಒಬ್ಬ ಹೆಂಗಸು ಮೇಜಿನ ಮುಂದೆ ಕೂತು ತನಗೆ ಆದದ್ದನ್ನು ಹೇಳುತ್ತಾಳೆ. ನಿಜವೋ ಸುಳ್ಳೋ ಧಾರಾವಾಹಿ ತೋರಿಸುವುದಿಲ್ಲ. ಎದುರಿಗಿದ್ದವನು ನಂಬುತ್ತೇನೆ ಎನ್ನುತ್ತಾನೆ, ಅಷ್ಟೇ.

ಲಾಸ್ಟ್‌ನಲ್ಲಿ ಬಾಕಿ ಉಳಿದದ್ದು ಒಗಟು. ಒಗಟಿನ ಉತ್ತರ ಕತೆಗಾರನ ಸಾಲ, ಅದನ್ನು ತೀರಿಸದಿದ್ದರೆ ಜನ ಸಿಟ್ಟಾಗುವುದು ನ್ಯಾಯವೇ. ವಾಚ್‌ಮೆನ್‌ನಲ್ಲಿ ಅವನು ಆ ಸಾಲವನ್ನೆಲ್ಲ ತೀರಿಸಿದ. ಯಾರು ಯಾರ ಮಗ, ಯಾರು ಯಾರನ್ನು ಕೊಂದರು, ಎಲ್ಲವೂ ಬಿಚ್ಚಿಕೊಂಡವು. ಕೆಲವು ಕಡೆ ಬಾಯಿಬಿಟ್ಟು ವಿವರಿಸಿದ್ದು ಹೆಚ್ಚೇ ಆಯಿತು. ಎಲ್ಲ ತೀರಿದ ಮೇಲೆ ಒಂದನ್ನು ಮಾತ್ರ ಉಳಿಸಿದ. ಆ ಪಾದ ನೀರಿಗೆ ತಾಗುವ ಗಳಿಗೆ. ಅದು ತಾಗಿ ನಿಂತದ್ದನ್ನು ತೋರಿಸಿದ್ದರೆ ಅವಳೂ ಇನ್ನೊಬ್ಬ ಸೂಪರ್‌ಹೀರೋ. ಮುಳುಗಿದ್ದನ್ನು ತೋರಿಸಿದ್ದರೆ ಅದು ಬರೀ ನಿರಾಸೆ. ತಾಗುವ ಮುಂಚಿನ ಆ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ಅಜ್ಜನ ಮಾತು ಇನ್ನೂ ಜೀವಂತವಾಗಿದೆ.

ಧಾರಾವಾಹಿ ಗೆದ್ದಿತು. ಮುಂದಿನ ಸೀಸನ್ ಯಾವಾಗ ಎಂದು ಎಲ್ಲರೂ ಕೇಳಿದರು. ನನ್ನ ಕತೆ ಮುಗಿಯಿತು, ಬೇರೆ ಯಾರಾದರೂ ಹೇಳುವುದಿದ್ದರೆ ಹೇಳಲಿ ಎಂದು ಲಿಂಡೆಲಾಫ್ ಕೈಬಿಟ್ಟ. ಅವನಿಲ್ಲದೆ ಬೇಡವೆಂದು ವಾಹಿನಿಯೂ ಸುಮ್ಮನಾಯಿತು. ನನಗೆ ಇದು ಕೊನೆಯ ಕಂತಿನ ಹೊರಗಿನ ಸಂಗತಿ ಅನ್ನಿಸುವುದೇ ಇಲ್ಲ. ಶಕ್ತಿಯನ್ನು ಹಿಡಿದುಕೊಂಡೇ ಇರಬೇಕೆನ್ನುವವರ ಕತೆ ಹೇಳಿದವನು ತನ್ನ ಕೈಯಲ್ಲಿದ್ದ ಶಕ್ತಿಯನ್ನು ಕೆಳಗಿಟ್ಟ. ಲಾಭದ ಅಂಗಡಿ ತೆರೆದಿರುವಾಗಲೇ ಬಾಗಿಲು ಹಾಕುವುದಕ್ಕೆ ಗಟ್ಟಿ ಎದೆ ಬೇಕು.

ಧಾರಾವಾಹಿ ಮುಗಿದ ಮೇಲೂ ಅದರ ಕತೆ ನಿಲ್ಲಲಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನ ಕೆಳಗೆ ಜಾರ್ಜ್ ಫ್ಲಾಯ್ಡ್ ಉಸಿರು ಕಟ್ಟಿ ಸತ್ತ. ದೇಶವೆಲ್ಲ ಬೀದಿಗಿಳಿಯಿತು. ಪೊಲೀಸರ ಮುಸುಕು, ಬಿಳಿಯರ ಗುಂಪು, ಮುಚ್ಚಿಟ್ಟ ಚರಿತ್ರೆ, ಇವನ್ನೆಲ್ಲ ಆರು ತಿಂಗಳ ಹಿಂದೆಯೇ ಹೇಳಿದ್ದ ಈ ಧಾರಾವಾಹಿ ಮತ್ತೆ ಎಲ್ಲರ ಬಾಯಲ್ಲಿ ಬಂತು. ಗುಲಾಮಗಿರಿ ಕೊನೆಯಾದ ನೆನಪಿನ ದಿನ ಜೂನ್ 19. ಆ ವಾರಾಂತ್ಯ ಎಚ್‌ಬಿಒ ಒಂಬತ್ತೂ ಕಂತನ್ನು ಎಲ್ಲರಿಗೂ ಉಚಿತವಾಗಿ ತೋರಿಸಿತು. ಸೆಪ್ಟೆಂಬರ್‌ನಲ್ಲಿ ಹನ್ನೊಂದು ಎಮ್ಮಿ ಪ್ರಶಸ್ತಿ ಬಂದವು. ಲಿಂಡೆಲಾಫ್ ಅದನ್ನು ಟಲ್ಸಾದಲ್ಲಿ ಸತ್ತವರಿಗೆ ಮತ್ತು ಬದುಕುಳಿದವರಿಗೆ ಅರ್ಪಿಸಿದ.

ಈ ಭಾಷಣ ಬರೆಯುವ ಮುಂಚೆ ಆ ಕೊನೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿದೆ. ಈ ಸಲ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿದೆ, ನೀವು ಈಗ ನನ್ನನ್ನು ಕೇಳುತ್ತಿರುವ ಹಾಗೆ. ಕೊನೆಗೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೀಟಲ್ಸ್‌ನ ಹಳೆಯ ಹಾಡೊಂದು ಬೇರೆ ತಂಡದ ಭಾರವಾದ ದನಿಯಲ್ಲಿ ಎದ್ದು ಬರುತ್ತದೆ. ಕಂತಿನ ಹೆಸರು ತೆಗೆದುಕೊಂಡದ್ದೂ ಆ ಹಾಡಿನಿಂದಲೇ.

ಅಮ್ಮನಿಗೆ ಆ ರಾತ್ರಿ ಕತೆಯನ್ನೆಲ್ಲ ಹೇಳಿದೆ. ಚಿತ್ರಮಂದಿರ, ಅಜ್ಜ, ಬಾರಿನಲ್ಲಿ ತೋರಿಸಿದ ಮೊಟ್ಟೆ, ಎಲ್ಲ. ಅವಳು ಮಡಚಿದ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ನೀರಿನ ಮೇಲೆ ನಡೆದಳಾ ಇಲ್ಲವಾ ಎಂದು ಕೇಳುತ್ತಾಳೆ ಅಂದುಕೊಂಡೆ. ಅದನ್ನು ಕೇಳಲಿಲ್ಲ.

"ಒಳಗೆ ಮಕ್ಕಳು ಮಲಗಿದ್ದಾರೆ ಅಂದ್ಯಲ್ಲ," ಅಂದಳು. "ಬೆಳಿಗ್ಗೆ ಅವು ಏಳೋ ಹೊತ್ತಿಗೆ ಅವಳು ಅಡುಗೆಮನೇಲಿ ಇರ್ತಾಳೇನೆ?"